ಆಕಾಶ ಸುತ್ತಿ ಬಂದ ಹೂಂ

ಮನೆಯ ಮುಂಗೋಣೆಯ ಅಂಗಡಿಯಲ್ಲಿ ಹನ್ನೊಂದು ಗಡಿಯಾರಗಳು ಒಟ್ಟಿಗೆ ಢಣ್ ಢಣ್ ಎಂದು ನಾಲ್ಕು ಹೊಡೆದವು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದಿಟ್ಟು, ತಲೆ ಬಾಚಿಕೊಂಡು, ಲ್ಯಾಪ್‌ಟಾಪಿನ ಮುಂದೆ ಕೂತರು. ತನ್ನ ಅಕ್ಕನ ಮನೆಗೆ ಹೋಗಿ ತಿಂಗಳಾದ ಹೆಂಡತಿಯ ದರ್ಶನಕ್ಕೆ ಇದೇ ಮುಹೂರ್ತ. ‘ಬಂದುಬಿಡೇ, ಮನೆ ಬಿಕೋ ಅಂತಿದೆ’ ಎಂದು ಇವತ್ತು ಬಾಯಿಬಿಟ್ಟು ಹೇಳಿಯೇ ತೀರುವುದೆಂದು ಅವರ ಭೀಷಣ ಸಂಕಲ್ಪ.

ಗುಡ್ಡದ ಮರೆಯ ಆ ಓಣಿಗೆ ಟವರ್ ಸಿಗದು, ಕೇಬಲ್ ಬಾರದು. ಅದಕ್ಕೇ ತಾರಸಿಯ ಮೇಲೆ ಬಾಣಲೆಯಂಥ ಡಿಶ್ ನಿಲ್ಲಿಸಿ, ಉಪಗ್ರಹದಿಂದಲೇ ಇಂಟರ್‌ನೆಟ್ ಇಳಿಸಿಕೊಂಡಿದ್ದರು.

"ಸಿನಿಮಾ ಸಲೀಸಾಗಿ ಬರುತ್ತೆ ಸಾರ್. ಮಾತು ಮಾತ್ರ ಸ್ವಲ್ಪ ತಡ. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಕ್ಕೆ ಹೋಗಿ ಇಳೀಬೇಕಲ್ಲ! ಮೋಡ ಕವಿದ್ರೆ ಇನ್ನೂ ತಡ," ಎಂದಿದ್ದ ಡಿಶ್ಶಿನವನು.

"ನಮ್ಮನೇಲಿ ಮಾತಿಗೇನಪ್ಪಾ ಅವಸರ?" ಎಂದು ನಕ್ಕಿದ್ದರು. (ನಿಜವೇ. ಹೆಂಡತಿ ಹೇಳಿದ್ದನ್ನು ಕೇಳಲಿ ಬಿಡಲಿ, ತಾಳ ತಪ್ಪದೆ ಒಂದೊಂದು "ಹೂಂ" ಹಾಕಿಯೇ ಮೂವತ್ತು ವರ್ಷ ಸಂಸಾರ ತೂಗಿಸಿದವರು.)

ಇವತ್ತು ಮೋಡ ದಟ್ಟವಾಗಿತ್ತು.

"ಊಟ ಆಯ್ತೇನ್ರೀ?"

"ಹೂಂ."

ಆ ಹೂಂ ಇನ್ನೂ ಆಕಾಶದಲ್ಲೇ ಇತ್ತು. ಉತ್ತರ ಬಾರದೆ ಹೆಂಡತಿ ಮುಂದಿನದನ್ನು ಕೇಳಿದರು: "ಅಕ್ಕ ಇನ್ನೊಂದು ತಿಂಗಳು ಇರು ಅಂತಾಳೆ. ಇರ್ಲಾ?"

ಸರಿಯಾಗಿ ಆಗ ಹೂಂ ಅಲ್ಲಿ ಇಳಿಯಿತು.

"ಬೇಡ, ಬೇಡ!" ಎಂದು ಇವರು ಕೂಗಿದರು. ಅದೂ ಪಯಣ ಹೊರಟಿತು. ಅತ್ತ ಮುಖ ಸಣ್ಣಗಾಗಿತ್ತು. "ಇಷ್ಟು ಸುಲಭವಾಗಿ ಹೂಂ ಅಂದ್ಬಿಟ್ರಲ್ಲ! ಹಾಗಾದ್ರೆ ನಾನು ಮನೆಗೆ ಬರೋದೇ ಬೇಡ್ವಾ?"

ಆಕಾಶದಿಂದ ಉತ್ತರ ಇಳಿಯಿತು: "ಬೇಡ, ಬೇಡ!"

"ಅಯ್ಯೋ, ಅದು ಹಳೇ ಬೇಡ ಕಣೇ! ನೀನು ಕೇಳೋಕೆ ಮುಂಚಿನದು!"

"ಓಹೋ! ಮುಂಚಿನಿಂದಲೇ ಬೇಡವಾಗಿದ್ದೀನಾ?"

ಬಾಯಿ ತೆರೆದಂತೆಯೇ ಆಕೆಯ ಚಿತ್ರ ಕಲ್ಲಾಗಿ ನಿಂತಿತು. ಇನ್ನು ಈ ಮಾತನ್ನು ಆಕಾಶಕ್ಕೆ ಹತ್ತಿಸುವುದಕ್ಕಿಂತ, ನಲವತ್ತು ಕಿಲೋಮೀಟರ್ ತಾವೇ ಹೊತ್ತೊಯ್ಯುವುದು ಲೇಸೆನಿಸಿತು ಅವರಿಗೆ. ಲ್ಯಾಪ್‌ಟಾಪನ್ನೂ ಮುಚ್ಚದೆ, ಚಪ್ಪಲಿ ಮೆಟ್ಟಿ, ಛತ್ರಿ ಹಿಡಿದು ಹೊರಬಿದ್ದರು.

ಖಾಲಿ ಕೋಣೆಯಲ್ಲಿ ಚಿತ್ರ ಮೆಲ್ಲನೆ ಅಲುಗಿತು.

"ಹೋಗ್ಲಿ ಬಿಡಿ. ನಿಮ್ಮ ಬಾಯಿಂದ ‘ಬಾ’ ಅನ್ನೋದು ಕೇಳೋಣ ಅಂತ ಸುಮ್ನೆ ಕೆಣಕಿದ್ದು. ಬೆಳಗ್ಗೇನೇ ಬ್ಯಾಗ್ ಕಟ್ಟಾಗಿದೆ, ಆಟೋ ಬಂದು ನಿಂತಿದೆ. ಏಳಕ್ಕೆಲ್ಲ ಮನೇಲಿರ್ತೀನಿ. ನನ್ನ ಹತ್ರ ಬೀಗದ ಕೈ ಇಲ್ಲ, ನೀವು ಎಲ್ಲಿಗೂ ಹೋಗ್ಬೇಡಿ, ಆಯ್ತಾ?"

ಗಡಿಯಾರದವರು ಬಾಗಿಲಿಗೆ ಬೀಗ ಜಡಿದು, ಎರಡು ಸಲ ಎಳೆದು ನೋಡಿ, ಆಗಲೇ ಓಣಿಯ ತಿರುವು ದಾಟಿದ್ದರು.