ಕಚೇರಿ ವೇಳೆಯ ಹೊಟ್ಟೆನೋವು

ಗೋಧಿ ಒಗ್ಗದವರಿಗೂ ವಾಸಕ್ಕೊಂದು ಮನೆ ಬೇಕಾಗುತ್ತದೆ ಎಂಬ ಸಂಗತಿಯನ್ನು ನಮ್ಮ ವಸತಿ ಮಂಡಳಿಯು ದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ಅಂಗೀಕರಿಸಿತು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಪದಾರ್ಥವಿದೆ, ಕೆಲವರ ಕರುಳಿಗೆ ಅದು ಆಗಿಬರುವುದಿಲ್ಲ ಎಂದು ವೈದ್ಯರು ವಿವರಿಸುವಾಗ ಅಧ್ಯಕ್ಷರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ ಗಮನವಿಟ್ಟು ಕೇಳಿದರು. ಸಿಮೆಂಟಿನಲ್ಲಿ ಗೋಧಿ ಇಲ್ಲವೆಂದು ಎಂಜಿನಿಯರರಿಂದ ಬರೆಸಿಕೊಂಡ ಮೇಲೆ ಊರಾಚೆ ಗ್ಲುಟೆನ್‌ಮುಕ್ತ ಬಡಾವಣೆ ಎದ್ದು ನಿಂತಿತು. ಬಾಡಿಗೆ ಅರ್ಧ ಎಂದು ಸಾರಿದ್ದೇ ತಡ, ಊರಿನ ಅರ್ಧ ಜನಕ್ಕೆ ಗೋಧಿ ಒಗ್ಗದಂತಾಯಿತು.

ಮೊದಲು ಬಂದವನು ಒಬ್ಬ ದರ್ಜಿ. ಅವನ ಹೆಂಡತಿಗೆ ಚಿಟಿಕೆ ಗೋಧಿ ಹೊಟ್ಟೆಗೆ ಹೋದರೂ ಮುಗಿಯಿತು, ದಿನಗಟ್ಟಲೆ ಮೇಲೇಳುತ್ತಿರಲಿಲ್ಲ. ಇಬ್ಬರೂ ಇದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಗಿರಣಿ ಶುರುವಾದರೆ ಹಲಗೆಯ ಸಂದಿಯಿಂದ ಹಿಟ್ಟು ಎದ್ದು ತಟ್ಟೆ, ಹಾಸಿಗೆ, ಹೊಲಿಗೆ ಯಂತ್ರ ಎಲ್ಲದರ ಮೇಲೂ ಕೂರುತ್ತಿತ್ತು. ಅವಳು ಅಡುಗೆ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಇನ್ನೊಂದು ಕಟ್ಟುತ್ತಿದ್ದಳು.

“ಮನೆಗೆ ಗೋಧಿ ತರೋದೇ ಇಲ್ಲ ಸಾರ್,” ಎಂದ ದರ್ಜಿ. “ಅದೇ ಹುಡುಕ್ಕೊಂಡು ಬರುತ್ತೆ. ಅಲ್ಲೇ ಇದ್ರೆ ಇವಳು ನಂಗೆ ಉಳಿಯಲ್ಲ.”

ಹಂಚಿಕೆ ಅಧಿಕಾರಿಗಳು ಬಹಳ ಮರುಗಿದರು. ಆದರೆ ಬಾಯಿಮಾತಿಗೆ ಮನೆ ಕೊಡಲಾದೀತೆ? ಕೂಡಲೇ ಪ್ರಕಟಣೆ ಹೊರಟಿತು: “ಅರ್ಜಿದಾರರು ಆಯ್ಕೆ ಸಮಿತಿಯ ಸಮಕ್ಷಮದಲ್ಲಿ ಗೋಧಿ ಬ್ರೆಡ್ ಸೇವಿಸಿ, ಕಚೇರಿ ವೇಳೆ ಮುಗಿಯುವುದರೊಳಗೆ ಹೊಟ್ಟೆನೋವನ್ನು ಹಾಜರುಪಡಿಸತಕ್ಕದ್ದು. ತದನಂತರ ಬರುವ ನೋವನ್ನು ಪರಿಗಣಿಸಲಾಗುವುದಿಲ್ಲ. ಬೆಣ್ಣೆ ಬೇಕಾದವರು ತಾವೇ ತರತಕ್ಕದ್ದು.”

ಪರೀಕ್ಷೆಯ ದಿನ ಗಿರಣಿಯ ಯಜಮಾನನೂ ಬಂದಿದ್ದ. ಇಡೀ ಬ್ರೆಡ್ ಮುಗಿಸಿ, ನೆಲದ ಮೇಲೆ ಉರುಳಾಡಿ, ಹೆತ್ತ ತಾಯಿಯನ್ನು ಕೂಗಿ ಕರೆದ. ಸಮಿತಿಯವರು ಕಣ್ಣೊರೆಸಿಕೊಂಡರು. ಇನ್ನೊಬ್ಬರು ಬ್ರೆಡ್ ಬರುವ ಮೊದಲೇ ನರಳತೊಡಗಿದ್ದರಿಂದ ಅದನ್ನು ಮುಂಗಡ ನೋವು ಎಂದು ಮಾನ್ಯ ಮಾಡಲಾಯಿತು.

ದರ್ಜಿಯ ಹೆಂಡತಿ ಗಂಡನ ಮುಖ ನೋಡಿ, ಕಣ್ಣು ಮುಚ್ಚಿ ಒಂದು ಚೂರು ತಿಂದಳು. ಮನೆ ಸಿಗುತ್ತದಲ್ಲ. ಕಚೇರಿ ಮುಚ್ಚುವವರೆಗೂ ಕುರ್ಚಿಯಲ್ಲಿ ಮುದುಡಿ ಕುಳಿತಿದ್ದಳು.

“ಏನಾದ್ರೂ ಆಗ್ತಿದೆಯೇನಮ್ಮಾ?” ಎಂದು ಅಧಿಕಾರಿಗಳು ಗಡಿಯಾರ ನೋಡಿಕೊಂಡರು.

“ರಾತ್ರಿ ಶುರುವಾಗುತ್ತೆ ಸಾರ್.”

“ಛೆ, ಸ್ವಲ್ಪ ಮುಂಚೆ ಬರಿಸ್ಕೋಬೇಕಿತ್ತು.”

ಆಮೇಲೆ ಅವಳು ಎಷ್ಟು ನರಳಿದಳೆಂಬುದನ್ನು ದರ್ಜಿ ಬಂದು ಹೇಳಿದ. ನನಗೂ ಸಂಕಟವಾಯಿತು. ಆದರೆ ನಾನು ಮಂಡಳಿಯ ನೌಕರ, ಸಂಕಟಕ್ಕೆ ಒತ್ತುವ ಮೊಹರು ನಮ್ಮಲ್ಲಿಲ್ಲ.

ಗಿರಣಿಯ ಯಜಮಾನನಿಗೆ ಮನೆ ಸಿಕ್ಕಿತು. ಅಲ್ಲಿಗೆ ಹೋದ ಮೇಲೆ ನೋಡಿದರೆ ನೆರೆಹೊರೆಯವರಿಗೆಲ್ಲ ಹೊತ್ತುಹೊತ್ತಿಗೆ ಬ್ರೆಡ್ ಬೇಕು, ಹತ್ತಿರದಲ್ಲಿ ಹಿಟ್ಟಿಲ್ಲ. ನಿವಾಸಿಗಳ ಅನುಕೂಲಕ್ಕಾಗಿ ಮಂಡಳಿಯು ಅವನ ಮನೆಯ ಕೆಳಗಡೆಯೇ ಗಿರಣಿಗೆ ಪರವಾನಗಿ ಕೊಟ್ಟಿತು. ಹಳೆಯ ಗಿರಣಿಗೆ ಬೀಗ ಬಿತ್ತು.

ದರ್ಜಿ ಕೋಣೆಯನ್ನು ಗೋಡೆಯಿಂದ ಗೋಡೆಗೆ ಉಜ್ಜಿ ತೊಳೆದ. ಹೆಂಡತಿ ಎದ್ದು ಕೂತಳು, ಕೆನ್ನೆ ತುಂಬಿತು, ಗುಂಡಿ ಹೊಲಿದುಕೊಡುವಷ್ಟು ಚೇತರಿಸಿಕೊಂಡಳು. ಇದು ಮಂಡಳಿಯ ಕಿವಿಗೆ ಬಿತ್ತು. ಬಡಾವಣೆಯ ಹೊರಗೆ ಗ್ಲುಟೆನ್‌ಮುಕ್ತ ಮನೆ ಇರುವುದು ಕಾನೂನುಬಾಹಿರ. ಅಧಿಕಾರಿಗಳು ಬಂದು ಹಲಗೆಯ ಸಂದಿಗೆಲ್ಲ ಬೆರಳಾಡಿಸಿದರು. ಹಿಟ್ಟು ಸಿಗಲಿಲ್ಲ, ಅಕ್ರಮ ಸಾಬೀತಾಯಿತು. ಗೋಧಿಯಿಲ್ಲದೆ ಹುಷಾರಾಗಿದ್ದಾಳೆ ಎಂಬುದೇ ಕಾಯಿಲೆಗೆ ಪುರಾವೆಯೂ ಆಯಿತು. ತಕ್ಷಣ ಸ್ಥಳಾಂತರಕ್ಕೆ ಆದೇಶವಾಯಿತು. ಬಡಾವಣೆಯಲ್ಲಿ ಖಾಲಿ ಉಳಿದಿದ್ದು ಒಂದೇ ಜಾಗ, ಗಿರಣಿಯ ಮೇಲಿನ ಮಹಡಿ. ಯಜಮಾನ ಹಿಟ್ಟಿನ ಧೂಳು ತಾಳಲಾರದೆ ಅದನ್ನು ಬಿಟ್ಟು ಪಕ್ಕದ ಮನೆ ಹಿಡಿದಿದ್ದ.

“ಕಿಟಕಿ ಇದೆಯಾ?” ಎಂದಳು ಹೆಂಡತಿ.

“ಇದೆಯಂತೆ,” ಎಂದ ದರ್ಜಿ. “ಹೊರಗಿನ ಗೋಧಿ ಒಳಗೆ ಬರಬಾರದು ಅಂತ ಮೊಳೆ ಹೊಡೆದಿದಾರಂತೆ.”

ಗೃಹಹಸ್ತಾಂತರ ಸಮಾರಂಭದಲ್ಲಿ ಅಧ್ಯಕ್ಷರು ಬಾಗಿಲಿಗೆ ಕಟ್ಟಿದ್ದ ರಿಬ್ಬನ್ ಕತ್ತರಿಸಿ, ಕೇಕನ್ನೂ ಕತ್ತರಿಸಿದರು. ಕೆಳಗೆ ಗಿರಣಿ ಓಡುತ್ತಿದ್ದುದರಿಂದ ಭಾಷಣ ಕೇಳಿಸಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು, ಅಂಗೈಗಳಿಂದ ಹಿಟ್ಟು ಹಾರಿತು. ದರ್ಜಿ ಬೀಗದ ಕೈ ಪಡೆದು ಕೈಮುಗಿದ. ಈಗ ಸಮಾಧಾನವಾಯಿತೇ ಎಂದು ಅಧಿಕಾರಿಗಳು ಅವನ ಹೆಂಡತಿಯನ್ನು ವಿಚಾರಿಸಿದರು.

“ಆಯ್ತು ಸಾರ್,” ಎಂದಳು. “ಆ ಕತ್ತರಿಸಿದ ರಿಬ್ಬನ್ ನಂಗೆ ಕೊಡ್ತೀರಾ? ಪಾತ್ರೆ ಬಾಯಿಗೆ ಬಟ್ಟೆ ಬಿಗಿಯೋಕೆ ಬೇಕು.”

ಮಂಡಳಿಯು ಸ್ಥಳದಲ್ಲೇ ಮಂಜೂರು ಮಾಡಿತು.