ಫೋರಮ್ಮಿನಲ್ಲಿ ನನ್ನ ಹೆಸರು ಸೆವೆಂತ್ ಪಾಸ್

ಕೆಟ್ಟ ಕಂಪ್ಯೂಟರ್ ಒಂದು ಗಂಟೆಯಲ್ಲಿ ಸರಿಯಾಗಬಹುದು. ಅದು ಯಾಕೆ ಕೆಟ್ಟಿತು ಎಂದು ಮುಖ ಕಾಣದ ಮೂವತ್ತು ಮಂದಿಯನ್ನು ಕೇಳುತ್ತ ಕೂತರೆ ಮಾತ್ರ ವಾರಕ್ಕೊಂದು ತಮಾಷೆ ಆಗದೆ ಇರುವುದಿಲ್ಲ. ನನ್ನ ಸೈಬರ್ ಕೆಫೆಯ ಮೊದಲ ವರ್ಷ ಪೂರ್ತಿ ಹೀಗೆಯೇ ಕಳೆಯಿತು.

ಡೊಂಬಿವಲಿ ಪೂರ್ವದಲ್ಲಿ ನನ್ನ ಭಾವನದು, ಅಂದರೆ ನಮ್ಮವರ ಅಣ್ಣನದು, ಒಂದು ಉಡುಪಿ ಹೋಟೆಲು. ಅದರ ಗೋಡೆಗೆ ತಾಗಿ ಅವರದೇ ಒಂದು ಗಾಳಾ ಇತ್ತು, ಒಂದೇ ಶಟರಿನ ಸಣ್ಣ ಅಂಗಡಿ. ಅದನ್ನು ನಾನು ಬೇಡಿ ಪಡೆದದ್ದಲ್ಲ, ವಾದ ಮಾಡಿ ಪಡೆದದ್ದು. ಠಾಣೆ ಪಟ್ಟಣದ ಡೀಲರೊಬ್ಬನಿಂದ ನಾಲ್ಕು ಹಳೆಯ ಮೆಶೀನು ತಂದು ಕೆಫೆ ತೆರೆದೆ. ಭಾವನಿಗೆ ಅಲ್ಲಿ ಜ್ಯೂಸ್ ಸೆಂಟರ್ ಮಾಡುವ ಆಸೆ. "ದೀಪಾವಳಿಯವರೆಗೆ ನೋಡುತ್ತೇನೆ ಮಾರಾಯ್ತಿ. ನಾಲ್ಕೂ ಮೆಶೀನು ಓಡುತ್ತಾ ಇದ್ದರೆ ಸರಿ. ಒಂದು ನಿಂತಿದ್ದರೂ ಗೋಡೆ ಒಡೆಸುತ್ತೇನೆ" ಎಂದರು.

ಮೆಶೀನುಗಳು ಸರದಿ ಹಾಕಿಕೊಂಡು ನಿಂತವು. ಮಹಾಪೆಯಿಂದ ರಿಪೇರಿಯವನೊಬ್ಬ ಬರುತ್ತಿದ್ದ. ಮೆಶೀನಿನ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ "ಮ್ಯಾಡಮ್, ಜರಾ ಚಾಯ್ ಬೋಲೋ" ಎನ್ನುತ್ತಿದ್ದ. ನಾನು ಚಾ ತರುವುದರೊಳಗೆ ಡಬ್ಬಿ ಮುಚ್ಚಿರುತ್ತಿತ್ತು. ಒಳಗೆ ಏನು ಮಾಡಿದಿರಿ ಎಂದರೆ, "ಆಪ್ ಕೋ ನಹೀ ಸಮಝೇಗಾ," ನಿಮಗೆ ತಿಳಿಯುವುದಿಲ್ಲ ಎಂಬ ಉತ್ತರ. ಮೂರನೆಯ ಸಲ ಹಾಗೆಂದಾಗ ನಾನೂ ಹೇಳಿದೆ, "ಚಾ ಕುಡಿದಾಯಿತಲ್ಲ? ಇನ್ನು ಬರಬೇಡಿ."

ಶಾಲೆಯಲ್ಲಿ ನಾನು ಓದಿದ್ದು ಏಳನೆಯವರೆಗೆ. ಇಂಗ್ಲಿಷ್ ಕಲಿತದ್ದು ಹೋಟೆಲಿನ ರದ್ದಿ ಪೇಪರಿನಿಂದ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು. ಅಷ್ಟು ಓದಿದವಳಿಗೆ ಒಂದು ಡಬ್ಬಿ ಓದಲು ಬರುವುದಿಲ್ಲವೇ ಎಂದು ಹಟ ಹಿಡಿದು ಕುಳಿತೆ.

ಮೊದಲು ಓದಿ, ಆಮೇಲೆ ಕೇಳಿ

ಕಂಪ್ಯೂಟರ್ ತೊಂದರೆಗಳಿಗೆಂದೇ ಒಂದು ಫೋರಮ್ ಇದೆ ಎಂದು ನನ್ನ ಗಿರಾಕಿಯೊಬ್ಬರು ತೋರಿಸಿಕೊಟ್ಟರು. ಒಬ್ಬ ತನ್ನ ತೊಂದರೆ ಬರೆಯುತ್ತಾನೆ, ಎಲ್ಲೆಲ್ಲಿಂದಲೋ ಜನ ಕೆಳಗೆ ಉತ್ತರ ಬರೆಯುತ್ತಾರೆ. ಬಾಗಿಲಲ್ಲೇ ನಿಯಮ ಬರೆದಿತ್ತು: ಹಳೆಯ ಪ್ರಶ್ನೆಗಳನ್ನು ಓದದೆ ಹೊಸದು ಕೇಳಬೇಡಿ.

ನಿಯಮ ಎಂದರೆ ನಿಯಮ. ಮೊದಲ ಪುಟದಿಂದ ಶುರು ಮಾಡಿದೆ. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಮುಖ್ಯವಾದದ್ದನ್ನು ಬರೆದುಕೊಂಡೆ. ಹನ್ನೊಂದು ದಿನ ಓದಿದೆ. ಭಾವ ಬಾಗಿಲಲ್ಲಿ ಇಣುಕಿ, "ನಾಲ್ಕನೆಯ ಮೆಶೀನು ಸತ್ತು ಬಿದ್ದುಂಟು, ನೀನು ಕಾದಂಬರಿ ಓದುತ್ತಾ ಕೂತಿದ್ದೀಯಾ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದರಲ್ಲಿ ಕಾದಂಬರಿಗೆ ಬೇಕಾದದ್ದೆಲ್ಲ ಇತ್ತು. ಒಂದು ಗ್ರಾಫಿಕ್ಸ್ ಕಾರ್ಡಿನ ವಿಷಯಕ್ಕೆ ಇಬ್ಬರು ಒಂದು ವರ್ಷದಿಂದ ಮಾತು ಬಿಟ್ಟಿದ್ದರು. ಇನ್ನೊಬ್ಬ "ಇನ್ನು ಈ ಕಡೆ ಕಾಲಿಡುವುದಿಲ್ಲ" ಎಂದು ಆರು ಸಲ ಹೊರಟುಹೋಗಿ ಆರು ಸಲವೂ ಮಾರನೆಯ ದಿನ ಬಂದಿದ್ದ.

ಹನ್ನೆರಡನೆಯ ದಿನ, ಅಲ್ಲಿ ಶಿಸ್ತು ನೋಡಿಕೊಳ್ಳುವ ಮಾಡರೇಟರಿಗೆ ಬರೆದೆ: "ಮಾನ್ಯರೇ, ಎಲ್ಲ ಪ್ರಶ್ನೆಗಳನ್ನೂ ಓದಿ ಮುಗಿಸಿದ್ದೇನೆ. ಈಗ ನನ್ನದು ಕೇಳಬಹುದೇ?"

ಸ್ವಲ್ಪ ಹೊತ್ತಾದ ಮೇಲೆ ಉತ್ತರ ಬಂತು: "ಎಲ್ಲವನ್ನೂ? ನಾನೇ ಓದಿಲ್ಲ!"

ಇತ್ತ ನಾವೆಲ್ಲ ಕ್ಷೇಮ

ಪ್ರಶ್ನೆ ಹಾಕುವ ಮೊದಲು ಒಂದು ಹೆಸರು ಇಟ್ಟುಕೊಳ್ಳಬೇಕಿತ್ತು. ಉಳಿದವರೆಲ್ಲ ಹುಲಿ, ಸಿಂಹ, ಕಿಂಗ್ ಎಂದೆಲ್ಲ ಇಟ್ಟುಕೊಂಡಿದ್ದರು. ನಾನು ನನ್ನಲ್ಲಿ ಇದ್ದದ್ದನ್ನೇ ಬರೆದೆ: ಸೆವೆಂತ್ ಪಾಸ್. ಯಾವನೋ ಡಾಕ್ಟರೇಟ್ ಮಾಡಿದವನು ವಿನಯಕ್ಕೆ ಹೀಗೆ ಬರೆದುಕೊಂಡಿದ್ದಾನೆ ಎಂದು ಅವರು ತಿಳಿದರು. ನಾನು ತಿದ್ದಲು ಹೋಗಲಿಲ್ಲ.

ಕಾಗದ ಬರೆಯುವುದನ್ನು ನನಗೆ ಕಲಿಸಿದ್ದು ಅಜ್ಜಿ. ಪೆನ್ನು ಎತ್ತಿದ ಕೂಡಲೇ ನಮ್ಮ ಕೆಲಸ ಹೇಳಬಾರದು, ಮೊದಲು ಕ್ಷೇಮ ಸಮಾಚಾರ. ಹಾಗೆಯೇ ಬರೆದೆ. ಇತ್ತ ನಾವೆಲ್ಲ ಕ್ಷೇಮ, ತಮ್ಮ ಮನೆಯಲ್ಲೂ ಎಲ್ಲರೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ, ಮಳೆ ಈ ವರ್ಷ ಜೋರು. ಕೊನೆಗೆ ಒಂದು ಸಾಲು: ನಾಲ್ಕನೆಯ ಮೆಶೀನು ಆನ್ ಆಗುವುದಿಲ್ಲ, ಬೀಪ್ ಬೀಪ್ ಎನ್ನುತ್ತದೆ.

ಮೊದಲ ಉತ್ತರ ಯಾವುದೋ ಹೊರದೇಶದಿಂದ ಬಂತು. "ಇಷ್ಟು ವರ್ಷದಲ್ಲಿ ಇಲ್ಲಿ ಯಾರೂ ನನ್ನ ಆರೋಗ್ಯ ಕೇಳಿರಲಿಲ್ಲ. ನಾನು ಚೆನ್ನಾಗಿದ್ದೇನೆ. ಹೆಂಡತಿಗೆ ಮಾತ್ರ ಮಂಡಿನೋವು." ಎರಡನೆಯವನು ತನ್ನ ಬೆನ್ನುನೋವಿನ ಬಗ್ಗೆ ಬರೆದ. ಮೂರನೆಯವನು ಎಣ್ಣೆ ಯಾವುದು ಹಚ್ಚಬೇಕೆಂದು ಹೇಳಿದ. ನಾಲ್ಕನೆಯವನು ಆ ಎಣ್ಣೆ ಸರಿಯಿಲ್ಲವೆಂದು ಜಗಳಕ್ಕೆ ನಿಂತ. ಎರಡು ಪುಟ ತುಂಬಿತು. ನನ್ನ ಮೆಶೀನಿನ ಬಗ್ಗೆ ಒಬ್ಬನೂ ಚಕಾರ ಎತ್ತಲಿಲ್ಲ.

ಕೊನೆಗೆ ಮಾಡರೇಟರ್ ಬಂದು ನನ್ನ ಪ್ರಶ್ನೆಯನ್ನು ಫೋರಮ್ಮಿನ ಮೂಲೆಯಲ್ಲಿದ್ದ ಆರೋಗ್ಯ ವಿಭಾಗಕ್ಕೆ ವರ್ಗ ಮಾಡಿದ. ಆಶ್ಚರ್ಯವೆಂದರೆ ಉತ್ತರ ಬಂದದ್ದು ಅಲ್ಲಿಯೇ: "ಒಳಗಿನ ರ್‍ಯಾಮ್ ಪಟ್ಟಿ ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒರೆಸಿ ಹಾಕಿ." ಒರೆಸಿದೆ, ಓಡಿತು. ಮಂಡಿನೋವು ಏನಾಯಿತೋ ತಿಳಿಯಲಿಲ್ಲ.

ಮೂರು ಗಂಟೆಯ ವೈರಸ್

ಆಮೇಲೆ ಮೂರನೆಯ ಮೆಶೀನಿಗೆ ಒಂದು ಚಾಳಿ ಹಿಡಿಯಿತು. ಮಧ್ಯಾಹ್ನ ಸರಿಯಾಗಿ ಮೂರಕ್ಕೆ ತಾನಾಗಿ ಆರಿ, ತಾನಾಗಿ ಹೊತ್ತಿಕೊಳ್ಳುವುದು. ರೆಸ್ಯೂಮ್ ಟೈಪ್ ಮಾಡಿಸಲು ಬಂದವರು ಒಂದೂವರೆ ಪುಟ ಕಳೆದುಕೊಂಡು ನನ್ನನ್ನು ನೋಡುವ ನೋಟ ಈಗಲೂ ನೆನಪಿದೆ.

ಫೋರಮ್ಮಿನಲ್ಲಿ ಕೇಳಿದೆ. ಈ ಸಲ ಕ್ಷೇಮ ಸಮಾಚಾರ ಬಿಟ್ಟು ಕೇಳಿದೆ. ಪಂಡಿತರು ಮುಗಿಬಿದ್ದರು. ಗಂಟೆ ನೋಡಿ ಏಳುವ ವೈರಸ್ ಎಂದು ಒಬ್ಬ. ಬಿಸಿಲು ಬೀಳುತ್ತಿದೆ ಎಂದು ಇನ್ನೊಬ್ಬ. ಉಳಿದವರು ಎಂದಿನಂತೆ "ಫಾರ್ಮ್ಯಾಟ್ ಮಾಡಿ" ಎಂದರು. ಅಲ್ಲಿ ಕೆಲವರು ಬಾಗಿಲು ಕಿರುಗುಟ್ಟಿದರೂ ಫಾರ್ಮ್ಯಾಟ್ ಮಾಡಿ ಎನ್ನುವವರು. ಮೂರು ಸಲ ಎಲ್ಲ ಅಳಿಸಿ ಹೊಸದಾಗಿ ಹಾಕಿದೆ. ಮೂರು ಸಲವೂ ಮೂರು ಗಂಟೆಗೆ ಆರಿತು. ಆಚೆ ಭಾವ ದಿನ ಎಣಿಸುತ್ತಿದ್ದರು.

ಆಗ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಕೆಲಸಕ್ಕಿದ್ದ ವಿಜಾಪುರದ ಒಬ್ಬರು ನಾನು ಕನ್ನಡದವನೆಂದು ಊಹಿಸಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರು: "ಸರ, ಮೂರಕ್ಕ ನಿಮ್ಮ ಬಾಜೂಕ ಏನರ ಚಾಲೂ ಆಗ್ತದೇನ್ರಿ? ನಮ್ಮ ಗೋಡೌನಿನ್ಯಾಗ ಕಬ್ಬಣ ಕೊಯ್ಯೋ ಮಶೀನ್ ಚಾಲೂ ಮಾಡಿದ್ರ ಆಫೀಸಿನ ಕಂಪ್ಯೂಟರ್ ಗಪ್ಪಂತ ಬಂದ್ ಆಗ್ತದ."

ಮಾರನೆಯ ದಿನ ಮೂರಕ್ಕೆ ಐದು ನಿಮಿಷ ಇರುವಾಗ ಹೋಟೆಲಿನ ಅಡುಗೆಮನೆಗೆ ಹೋಗಿ ನಿಂತೆ. ಮೂರಕ್ಕೆ ಸರಿಯಾಗಿ ಭಟ್ಟರು ಮಾರನೆಯ ದಿನದ ಇಡ್ಲಿ ಹಿಟ್ಟಿಗೆ ದೊಡ್ಡ ಗ್ರೈಂಡರ್ ಒತ್ತಿದರು. ಗೋಡೆಯಾಚೆ ನನ್ನ ಗಿರಾಕಿ "ಅರೇ ಯಾರ್!" ಎಂದು ಕೂಗಿದ.

"ಭಾವ, ನನ್ನ ಮೂರನೆಯ ಮೆಶೀನೂ ನಿಮ್ಮ ಗ್ರೈಂಡರೂ ಒಂದೇ ಲೈನಿನಲ್ಲಿ ಉಂಟು. ವೈರಸ್ ನಿಮ್ಮದೇ" ಎಂದೆ.

"ಅದಕ್ಕೇನೀಗ? ನಿನ್ನ ಕಂಪ್ಯೂಟರಿಗಾಗಿ ಡೊಂಬಿವಲಿಯವರು ಇಡ್ಲಿ ಬಿಡಬೇಕಾ?" ಎಂದು ಭಾವ ತುಳುವಿನಲ್ಲಿ ಇನ್ನೂ ನಾಲ್ಕು ಮಾತು ಸೇರಿಸಿದರು.

ನಾನೇ ವಯರ್‌ಮನ್ನನ್ನು ಕರೆಸಿ ಬೇರೆ ಲೈನು ಎಳೆಸಿದೆ. ಫೋರಮ್ಮಿನಲ್ಲಿ ಚುಟುಕಾಗಿ ಬರೆದೆ: "ಪರಿಹಾರ ಸಿಕ್ಕಿತು. ಕಾರಣ ಇಡ್ಲಿ."

ಹೊರದೇಶದವನೊಬ್ಬ ಕೂಡಲೇ ಕೇಳಿದ, "ಈ ಇಡ್ಲಿಯನ್ನು ಯಾವ ಆಂಟಿವೈರಸ್ ತೆಗೆಯುತ್ತದೆ?"

ಸಾನಪಾಡಾದ ಚಿಟ್ಟೆ

ಎರಡನೆಯ ಮೆಶೀನಿನ ಕಾಯಿಲೆ ವಿಚಿತ್ರ. ಹದಿನೈದು ನಿಮಿಷ ಸರಿಯಾಗಿ ಓಡಿ, ಪರದೆ ಪೂರ್ತಿ ಹಸಿರಾಗಿ ನಿಂತುಬಿಡುವುದು. ಫೋರಮ್ಮಿನ ಹಳೆಯ ಪುಟ ಹುಡುಕಿದರೆ ಎರಡು ವರ್ಷದ ಹಿಂದೆ ಒಬ್ಬ ಇದನ್ನೇ ಬರೆದಿದ್ದ. ಅದೇ ಹದಿನೈದು ನಿಮಿಷ, ಅದೇ ಹಸಿರು. ನಾಲ್ಕು ಪುಟ ಚರ್ಚೆ. ಉಸಿರು ಬಿಗಿಹಿಡಿದು ಓದಿದೆ. ಕೊನೆಯ ಸಾಲು: "ಸಮಸ್ಯೆ ಬಗೆಹರಿಯಿತು. ಎಲ್ಲರಿಗೂ ಧನ್ಯವಾದ."

ಹೇಗೆ ಬಗೆಹರಿಯಿತು? ಅದನ್ನು ಬರೆದಿರಲಿಲ್ಲ! ಉಂಡ ಮನೆಯಲ್ಲಿ ಎಲೆ ತೆಗೆಯದೆ ಎದ್ದುಹೋದ ಹಾಗೆ.

ಅವನಿಗೆ ಐದು ಸಲ ಬರೆದೆ. ಉತ್ತರವಿಲ್ಲ. ಆರನೆಯ ಸಲ, "ವಿಳಾಸ ಕೊಡಿ, ನಾನೇ ಬರುತ್ತೇನೆ" ಎಂದು ಬರೆದೆ. ಹೆದರಿದನೋ ಏನೋ, ಸಾನಪಾಡಾದ ವಿಳಾಸ ಕೊಟ್ಟ. ಭಾನುವಾರ ನಮ್ಮವರನ್ನು ಎಬ್ಬಿಸಿ, ಠಾಣೆಯಲ್ಲಿ ರೈಲು ಬದಲಿಸಿ ಹೋದೆ. ಬಾಗಿಲು ತೆರೆದವನು ನಮ್ಮವರ ಕೈ ಹಿಡಿದು ಕುಲುಕಿ, "ಸೆವೆಂತ್ ಪಾಸ್ ಸರ್! ಆಯಿಯೇ, ಆಯಿಯೇ!" ಎಂದ.

ನಮ್ಮವರು ಮೆಲ್ಲಗೆ ಕೈ ಬಿಡಿಸಿಕೊಂಡು, "ನಾನು ಬಿ.ಕಾಂ. ಸೆವೆಂತ್ ಪಾಸ್ ಇವಳು" ಎಂದರು.

ಚಾ ಬಂತು, ಚಿವಡಾ ಬಂತು. ನಾನು ನೋಟ್‌ಬುಕ್ ಬಿಚ್ಚಿ ಪೆನ್ನು ಹಿಡಿದು ಕೇಳಿದೆ, "ಹೇಳಿ, ಹಸಿರು ಪರದೆಯ ಸಮಸ್ಯೆ ಹೇಗೆ ಬಗೆಹರಿಯಿತು?"

ಅವನು ತಲೆ ತಗ್ಗಿಸಿ, "ಮಾರಿಬಿಟ್ಟೆ" ಎಂದ.

"ಯಾರಿಗೆ?"

"ಠಾಣೆಯ ಒಬ್ಬ ಡೀಲರಿಗೆ. ಮಗಳು ಡಬ್ಬಿಯ ಮೇಲೆ ಅಂಟಿಸಿದ್ದ ಚಿಟ್ಟೆಯ ಸ್ಟಿಕ್ಕರನ್ನು ಕೂಡ ಕೀಳಲಿಲ್ಲ."

ನಮ್ಮವರು ನನ್ನ ಮುಖ ನೋಡಿದರು. ನಮ್ಮ ಎರಡನೆಯ ಮೆಶೀನಿನ ಚಿಟ್ಟೆಗೆ ದಿನಾ ಬೆಳಿಗ್ಗೆ ಧೂಳು ಒರೆಸುತ್ತಿದ್ದವರು ಅವರೇ.

ಆ ಮೆಶೀನಿನ ಪವರ್ ಸಪ್ಲೈ ಬದಲಿಸಿದರೆ ಸಾಕೆಂದು ಆಮೇಲೆ ನಾನೇ ಕಂಡುಹಿಡಿದೆ. ಅವನ ಧನ್ಯವಾದದ ಕೆಳಗೆ ಅದನ್ನು ಬರೆದೂ ಬಂದೆ.

ದೊಡ್ಡಕ್ಷರದ ಗಿರಾಕಿ

ದೀಪಾವಳಿಗೆ ಎಂಟು ದಿನ. ನಾಲ್ಕೂ ಮೆಶೀನು ಓಡುತ್ತಿದ್ದವು. ಗೆದ್ದೆ ಎಂದುಕೊಂಡರೆ ಭಾವ ಗೋಡೆ ಕಟ್ಟುವ ಗವಂಡಿಯನ್ನು ಕರೆತಂದು ಗೋಡೆ ಅಳೆಸತೊಡಗಿದರು.

"ಮಾತು ಕೊಟ್ಟಿದ್ದೀರಿ ಭಾವ" ಎಂದೆ.

"ಈಗ ಓಡುತ್ತದೆ, ಹಬ್ಬ ಕಳೆದು ನಿಂತರೆ ಯಾರು ನೋಡುವುದು? ನೀನಾ? ಇದಕ್ಕೆಲ್ಲ ಸರಿಯಾಗಿ ಗೊತ್ತಿರುವ ಜನ ಬೇಕು ಮಾರಾಯ್ತಿ."

ಸಿಟ್ಟು ಬಂದಾಗ ಫೋರಮ್ ಓದುವುದು ಅಷ್ಟರಲ್ಲಿ ಅಭ್ಯಾಸವಾಗಿತ್ತು. ಮಾರನೆಯ ದಿನ ತೆರೆದರೆ ಹೊಸ ಪ್ರಶ್ನೆಯೊಂದು, ಪೂರ್ತಿ ದೊಡ್ಡಕ್ಷರದ ಇಂಗ್ಲಿಷಿನಲ್ಲಿ: ಅರ್ಜೆಂಟ್. ಹೋಟೆಲಿನ ಬಿಲ್ಲಿನ ಕಂಪ್ಯೂಟರ್ ಕಪ್ಪಾಗಿದೆ. ಪಕ್ಕದಲ್ಲೇ ತಮ್ಮನ ಹೆಂಡತಿಯ ಕಂಪ್ಯೂಟರ್ ಅಂಗಡಿ ಇದೆ. ಅವಳನ್ನು ಕೇಳದೆ ಸರಿಮಾಡುವುದು ಹೇಗೆ?

ಭಾವ ಕಲ್ಯಾಣಕ್ಕೆ ತರಕಾರಿ ತರಲು ಹೋಗಿದ್ದರು. ಅಲ್ಲಿನ ಸೈಬರ್ ಕೆಫೆಯವನು ಅವರನ್ನು ಇದೇ ಫೋರಮ್ಮಿನ ಎದುರು ಕೂರಿಸಿದ್ದ!

ಅಲ್ಲಿ ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದ ಲೆಕ್ಕ. ಒಬ್ಬ ಬರೆದ, "ಕಿರುಚಬೇಡಿ." ಭಾವನ ಉತ್ತರ: "ನಾನು ಕಿರುಚುತ್ತಿಲ್ಲ. ನಾನು ಹೋಟೆಲ್ ಮಾಲೀಕ." ಅದೂ ದೊಡ್ಡಕ್ಷರದಲ್ಲೇ.

ಮೂರು ದಿನ ಅವರು ತರಕಾರಿಯ ನೆಪದಲ್ಲಿ ಕಲ್ಯಾಣಕ್ಕೆ ಹೋಗಿಬಂದರು. ಹೋಟೆಲಿನಲ್ಲಿ ಮೂರು ದಿನ ಬದನೆಕಾಯಿ ಸಾಂಬಾರು. ಫಾರ್ಮ್ಯಾಟ್ ಮಾಡಿ ಎನ್ನುವವರು ಫೋರಮ್ಮಿನಲ್ಲಿ ಅದನ್ನೇ ಹೇಳುತ್ತಿದ್ದರು. ಪರದೆಯ ಮೇಲೆ ಏನು ಬರೆದಿದೆ ಎಂದು ನಾನು ಕೇಳಿದೆ. ಅವರು ಬರೆದದ್ದನ್ನು ಓದಿದಾಗಲೇ ತಿಳಿಯಿತು, ಯಾರೋ ಒಳಗೆ ಒಂದು ಫ್ಲಾಪಿ ಡಿಸ್ಕ್ ಮರೆತಿದ್ದಾರೆ, ಶುರುವಾಗುವಾಗ ಮೆಶೀನು ಅದನ್ನೇ ಓದಲು ಹೋಗಿ ನಿಲ್ಲುತ್ತಿದೆ, ಅದನ್ನು ತೆಗೆದರೆ ಮುಗಿಯಿತು. ಆದರೆ ಬರೆದದ್ದು ಬೇರೆ: "ಇದು ದೂರದಿಂದ ಆಗುವ ಕೆಲಸವಲ್ಲ. ತಮ್ಮನ ಹೆಂಡತಿಯನ್ನೇ ಕರೆಯಿರಿ. ಇಂತಿ, ಸೆವೆಂತ್ ಪಾಸ್."

ಸಂಜೆ ಭಾವ ಬಾಗಿಲಲ್ಲಿ ನಿಂತು ಕೆಮ್ಮಿದರು. "ಸ್ವಲ್ಪ ಬಂದು ನೋಡುತ್ತೀಯಾ? ನಾನಾಗಿ ಕರೆಯುವುದಲ್ಲ. ಇಂಟರ್ನೆಟ್ಟಿನಲ್ಲಿ ಒಬ್ಬ ದೊಡ್ಡ ಇಂಜಿನಿಯರ್ ಹೇಳಿದ್ದಾನೆ."

ಹೋದೆ. ಒಂದು ಕ್ಷಣದ ಕೆಲಸಕ್ಕೆ ಮರ್ಯಾದೆ ಇರುವುದಿಲ್ಲವೆಂದು ಇಪ್ಪತ್ತು ನಿಮಿಷ ಗಂಭೀರವಾಗಿ ನೋಡಿದೆ. ಆಮೇಲೆ ಫ್ಲಾಪಿ ತೆಗೆದೆ. ಮೆಶೀನು ಓಡಿತು. ಭಾವ ನನ್ನನ್ನು ಹೊಗಳಲಿಲ್ಲ. "ಎಂಥ ತಲೆ ಅವನದ್ದು! ಅಷ್ಟು ದೂರದಿಂದ ಗೊತ್ತಾಯಿತು ನೋಡು. ಅವನಿಗೊಂದು ಧನ್ಯವಾದ ಬರೆಯಬೇಕು, ನೀನು ಟೈಪ್ ಮಾಡು" ಎನ್ನುತ್ತ ನನ್ನ ಹಿಂದೆಯೇ ಕೆಫೆಗೆ ಬಂದರು.

ಅವರ ಹೆಸರಿನಲ್ಲೇ ಫೋರಮ್ ತೆರೆದು ಕುಳಿತೆ. ಅವರು ನಿಂತುಕೊಂಡೇ ಹೇಳಿದರು: "ಮಹನೀಯರೇ, ನಿಮ್ಮ ಉಪಕಾರ ಮರೆಯುವುದಿಲ್ಲ. ನನ್ನ ಪಕ್ಕದ ಗಾಳಾದಲ್ಲಿ ನಿಮ್ಮಂಥವರು ಕೂತರೆ ಎಷ್ಟು ವರ್ಷ ಬೇಕಾದರೂ ಕೂರಬಹುದು. ಆ ಗೋಡೆಗೆ ನಾನು ಕೈ ಹಚ್ಚುವುದಿಲ್ಲ."

"ಹಾಕಲಾ ಭಾವ?"

"ಹಾಕು. ದೊಡ್ಡಕ್ಷರದಲ್ಲಿ ಹಾಕು."

ಹಾಕಿದೆ. ಆಮೇಲೆ ಕುರ್ಚಿ ಸರಿಸಿ ಮೊದಲ ಮೆಶೀನಿಗೆ ಹೋಗಿ, ನನ್ನ ಹೆಸರಿನಲ್ಲಿ ಒಳಹೊಕ್ಕು, ಅವರ ಕಣ್ಣೆದುರೇ ಟೈಪ್ ಮಾಡಿದೆ: "ಮಾನ್ಯರೇ, ಒಪ್ಪಿದ್ದೇನೆ. ಈಗಾಗಲೇ ಕುಳಿತಿದ್ದೇನೆ. ಇಂತಿ, ಸೆವೆಂತ್ ಪಾಸ್."

ಭಾವ ಪರದೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಪರದೆ ನೋಡಿದರು.

"ನಾನು ಹೇಳಿದ್ದನ್ನು ಅಳಿಸು" ಎಂದರು.

"ಅಲ್ಲಿ ಹಾಕಿದ್ದನ್ನು ನಾವು ಅಳಿಸಲು ಆಗುವುದಿಲ್ಲ ಭಾವ, ಮಾಡರೇಟರಿಗೆ ಮಾತ್ರ ಆಗುತ್ತದೆ. ಹನ್ನೊಂದು ಮಂದಿ ಆಗಲೇ ಓದಿಯಾಯಿತು. ನೋಡಿ, ಮಾಡರೇಟರ್ ಕೂಡ ಕೆಳಗೆ ಬರೆದಿದ್ದಾನೆ: ಕೊಟ್ಟ ಮಾತಿಗೆ ನಿಲ್ಲುವ ಇಂಥ ಮಾಲೀಕರು ಅಪರೂಪ!"