ಸುಣ್ಣದ ಗೋಡೆಗೆ ಬಿದ್ದ ಹುಳ

ಎಪ್ಪತ್ತು ವರ್ಷದ ಹಳೆಯ ಮನೆಯ ನಡುವೆ ನಿಂತು ಭೂತಗನ್ನಡಿಯವರು ಘೋಷಿಸಿಯೇಬಿಟ್ಟರು: “ಇನ್ಮೇಲೆ ಒಂದು ಚಿಟಿಕೆ ಸಿಮೆಂಟೂ ಈ ಹೊಸ್ತಿಲು ದಾಟಕೂಡದು! ಗೋಡೆಗೆ ಸುಣ್ಣದ ಗಾರೆ, ಕಿಟಕಿಗೆ ಎರಡು ಪದರದ ಗಾಜು, ಸೂರಿನಡಿ ಉಣ್ಣೆಯ ಹಾಸು. ಬೇಸಿಗೇಲಿ ಫ್ಯಾನ್ ಬೇಡ, ಚಳೀಲಿ ಹೀಟರ್ ಬೇಡ. ಮನೆ ತಾನಾಗೇ ಉಸಿರಾಡುತ್ತೆ!”

“ಮನೆ ಉಸಿರಾಡಲಿ ಬಿಡಿ. ಕೆಲಸದವರಿಗೆ ಉಸಿರಾಡೋಕೆ ನೀವು ಬಿಡ್ತೀರಾ?” ಎಂದರು ಹೆಂಡತಿ.

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಗೋದಾಮಿಗೆ ಬರುವ ಸರಕನ್ನೆಲ್ಲ ತಪಾಸಣೆ ಮಾಡುವುದು ಗಂಡನ ಉದ್ಯೋಗ. ಭೂತಗನ್ನಡಿ ಎಂಬುದು ಅಲ್ಲಿನ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಹಾಲು ಕಂಡರೆ ಮೊದಲು ನೀರೆಷ್ಟು ಎಂದು ಕೇಳುವ ಜೀವ. ಬಡಗಿ ಕಿಟಕಿಗೆ ಗಾಜು ಕೂರಿಸಿ ಹೋದ ಸಂಜೆಯೇ, ಸಂದಿಯಲ್ಲಿ ಗಾಳಿ ನುಸುಳುತ್ತದೆಯೇ ಎಂದು ನೋಡಲು ಉರಿಯುವ ಮೇಣದಬತ್ತಿ ಹಿಡಿದು ಚೌಕಟ್ಟಿನುದ್ದಕ್ಕೂ ಓಡಾಡಿದರು. ಗಾಳಿ ನುಸುಳಲಿಲ್ಲ, ಪರದೆಗೆ ಬೆಂಕಿ ಹತ್ತಿತು! ಬಡಗಿ ಪಾಸು, ಪರದೆ ಅರ್ಧಕ್ಕರ್ಧ ಫೇಲು.

ಆಮೇಲೆ ಬಂದವರು ಗಾರೆ ಮೇಸ್ತ್ರಿ. ಅರವತ್ತರ ಆಸುಪಾಸು, ದಿನಕ್ಕೆ ಮೂರೇ ಮಾತು. ಬಾಗಿಲಲ್ಲಿ “ಬಂದೆ”, ಊಟದ ಹೊತ್ತಿಗೆ “ಕೂತೆ”, ಸಂಜೆ “ಹೊರಟೆ”. ಇಷ್ಟು ಕಡಿಮೆ ಮಾತಾಡುವವರ ಹೊಟ್ಟೆಯೊಳಗೆ ಏನೋ ಇರಲೇಬೇಕು ಎಂದು ಭೂತಗನ್ನಡಿಯವರಿಗೆ ಮೊದಲ ದಿನವೇ ಅನ್ನಿಸಿತು. ಎರಡನೆಯ ದಿನ ಮೇಸ್ತ್ರಿಯ ತೋಳಿನ ಮೇಲೆ ಬೂದುಬಣ್ಣದ ಕಲೆ ಕಂಡಿತು. ತಕ್ಷಣ ಅಡುಗೆಮನೆಗೆ ಓಡಿದರು.

“ಸಿಮೆಂಟು ಕಣೇ! ಗಾರೆ ಬೇಗ ಗಟ್ಟಿಯಾಗ್ಲಿ ಅಂತ ಕಣ್ಣು ತಪ್ಪಿಸಿ ಬೆರೆಸ್ತಿದಾನೆ.”

“ಬೇರೆ ಏನೋ ಕಲೆ ಇರಬಹುದು. ಒಂದು ಮಾತು ಕೇಳಿಬಿಡಿ.”

“ಕಳ್ಳನ್ನ ಕೇಳಿದ್ರೆ ಹೌದು ಅಂತಾನಾ?”

ಅಂದು ಸಂಜೆ ಮೇಸ್ತ್ರಿ “ಹೊರಟೆ” ಎಂದು ಹೊರಟ ಮೇಲೆ, ಹೆಂಡತಿ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ, ಭೂತಗನ್ನಡಿಯವರು ಸ್ಕ್ರೂಡ್ರೈವರ್ ತಂದು ಹಸಿ ಗೋಡೆಗೆ ಒಂದು ತೂತು ಕೊರೆದರು. ಒಳಗೂ ಅಪ್ಪಟ ಬಿಳಿ. ಬೇರೆ ಯಾರಾದರೂ ಆಗಿದ್ದರೆ ಸಮಾಧಾನಪಡುತ್ತಿದ್ದರು. ಇವರಿಗೆ ಅನುಮಾನ ಇಮ್ಮಡಿಯಾಯಿತು. ‘ನಾನು ಇಲ್ಲೇ ನೋಡ್ತೀನಿ ಅಂತ ಗೊತ್ತಿದ್ದು ಇಲ್ಲಿ ಮಾತ್ರ ಸುಣ್ಣ ಬಳಿದಿರಬೇಕು!’ ಪಕ್ಕದಲ್ಲಿ ಇನ್ನೊಂದು ತೂತು. ಅಲ್ಲೂ ಬಿಳಿ. ‘ಅಬ್ಬಾ, ಎಂಥಾ ಪಾಕಡಾ!’ ಮತ್ತೊಂದು.

ತೂತು ಮುಚ್ಚಲು ಸಿಕ್ಕಿದ್ದು ಬಿಳಿಯ ಟೂತ್‌ಪೇಸ್ಟ್. ಬಣ್ಣಕ್ಕೆ ಬಣ್ಣ ಕೂಡಿಬಂದು, ತಮ್ಮ ಜಾಣತನಕ್ಕೆ ತಾವೇ ಮೀಸೆಯಡಿಯಲ್ಲಿ ನಕ್ಕರು. ವಾರ ಕಳೆಯುವುದರೊಳಗೆ ಸಂಜೆಗಿಷ್ಟರಂತೆ ಮೂವತ್ತೆಂಟು ತೂತುಗಳಾದವು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ; ಈ ಗೋಡೆಗೆ ಹತ್ತೊಂಬತ್ತು ಜೊತೆ ಇದ್ದವು!

ಎಂಟನೆಯ ದಿನ ಟೂತ್‌ಪೇಸ್ಟ್ ಒಣಗಿ, ಕುಗ್ಗಿ, ಪುಡಿಪುಡಿಯಾಗಿ ಉದುರಿತು. ಮೇಸ್ತ್ರಿ ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಒಂದು ತೂತಿನೊಳಗೆ ಕಿರುಬೆರಳು ಹಾಕಿದರು. ಮುಖ ಕಪ್ಪಿಟ್ಟಿತು.

“ಮೂವತ್ತು ವರ್ಷದಲ್ಲಿ ನನ್ನ ಗೋಡೆಗೆ ಹುಳ ಬಿದ್ದಿರಲಿಲ್ಲ ಸಾರ್. ಮರಳಲ್ಲಿ ಬಂತೋ ಏನೋ. ತಪ್ಪು ನಂದೇ. ಪೂರ್ತಿ ಕೆರೆದು ಹೊಸದಾಗಿ ಮಾಡ್ಕೊಡ್ತೀನಿ.”

ಭೂತಗನ್ನಡಿಯವರು ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದರು. ಹೊರಗೆ ಬಂದದ್ದು ಬೇರೆಯೇ: “ಹುಳಾನೇ ಇರ್ಬೇಕು.”

“ಹುಳಾನಾ?” ಹೆಂಡತಿ ಓಡಿಬಂದರು. “ಸೂರಲ್ಲಿರೋ ಉಣ್ಣೆಗೆ ಹತ್ತಿದ್ರೆ ಗತಿಯೇನು!” ಗಂಡ ಬೇಡ ಬೇಡ ಎನ್ನುವಷ್ಟರಲ್ಲಿ ಫೋನ್ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಗೆದ್ದಲು ಔಷಧಿಯವನು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಚಿಟಿಕೆ ಸಿಮೆಂಟಿಗೆ ಪ್ರವೇಶವಿಲ್ಲದ ಮನೆಗೆ ಇಪ್ಪತ್ತು ಲೀಟರ್ ವಿಷದ ಆಗಮನ!

ಅವನು ಟಾರ್ಚ್ ಬಿಟ್ಟು ಗೋಡೆಯನ್ನು ಅಂಗುಲ ಅಂಗುಲ ನೋಡಿದ.

“ವಿಚಿತ್ರ ಹುಳ ಅಮ್ಮ ಇದು. ನೆಲದ ಹತ್ರ ಇಲ್ಲ, ಸೂರಿನ ಹತ್ರ ಇಲ್ಲ. ಎಲ್ಲಾ ತೂತೂ ಒಂದಾಳಿನ ಹೆಗಲೆತ್ತರಕ್ಕೇ ಇವೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭೂತಗನ್ನಡಿಯವರ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಹೆಂಡತಿಯ ಕಣ್ಣು ಆ ಕೈಯ ಹಿಂದೆಯೇ ಹೋಯಿತು.

“ಇನ್ನೊಂದು ವಿಷ್ಯ,” ಔಷಧಿಯವನು ತೂತಿಗೆ ಮೂಗಿಟ್ಟ. “ಒಳಗಿಂದ ಪುದೀನ ವಾಸನೆ ಬರ್ತಿದೆ.”

“ಓಹೋ, ಹಲ್ಲುಜ್ಜೋ ಹುಳ!” ಹೆಂಡತಿ ಸೊಂಟಕ್ಕೆ ಕೈಯಿಟ್ಟರು. “ಮನೇಲಿರೋದು ಇಬ್ರು, ವಾರಕ್ಕೆ ಎರಡು ಟ್ಯೂಬ್ ಹೇಗೆ ಖಾಲಿಯಾಯ್ತು ಅಂತ ನನ್ನನ್ನ ನಾನೇ ಅನುಮಾನಿಸ್ತಿದ್ದೆ! ರೀ, ಬಾಯಿಬಿಡ್ತೀರಾ, ಔಷಧಿ ಹೊಡೆಸ್ಲಾ?”

ಬಾಯಿ ಬಿಟ್ಟರು. ತೋಳಿನ ಕಲೆಯಿಂದ ಹಿಡಿದು ಮೂವತ್ತೆಂಟನೆಯ ತೂತಿನವರೆಗೆ ಒಂದೂ ಬಿಡದೆ ಒಪ್ಪಿಕೊಂಡರು. ಔಷಧಿಯವನು ನಗು ತಡೆಯಲಾರದೆ ಡಬ್ಬದ ಸಮೇತ ಹೊರಗೆ ನಡೆದ. ಮೇಸ್ತ್ರಿ ನಗಲಿಲ್ಲ. ತಮ್ಮ ತೋಳನ್ನೊಮ್ಮೆ ನೋಡಿಕೊಂಡರು.

“ಅದು ಬೂದಿ ಸಾರ್. ಬೆಳಿಗ್ಗೆ ಒಲೆ ಬಳಿದು ಬರ್ತೀನಿ. ಕೇಳಿದ್ರೆ ಹೇಳ್ತಿದ್ದೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭೂತಗನ್ನಡಿಯವರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. “ನೀವು ಕೆರೆಯೋದೇನೂ ಬೇಡ ಮೇಸ್ತ್ರಿ. ತೂತು ಮಾಡಿದ ಕೈಯೇ ತೂತು ಮುಚ್ಚಬೇಕು,” ಎಂದು ಪಂಚೆ ಎತ್ತಿಕಟ್ಟಿ ಕರಣೆ ಹಿಡಿದರು. ಎರಡು ದಿನ ರಜೆ ಹಾಕಿ, ಮೂಗು ಮೀಸೆಗೆಲ್ಲ ಸುಣ್ಣ ಬಳಿದುಕೊಂಡು ಪ್ರಾಯಶ್ಚಿತ್ತ ಮುಗಿಸಿದರು. ಮೂವತ್ತೆಂಟು ಹಳ್ಳಗಳಿದ್ದ ಗೋಡೆಯಲ್ಲಿ ಈಗ ಮೂವತ್ತೆಂಟು ದಿಬ್ಬಗಳೆದ್ದವು!

ಉಳಿದ ಗೋಡೆಗಳನ್ನೆಲ್ಲ ಕನ್ನಡಿಯಂತೆ ನಯಮಾಡಿ ಮುಗಿಸಿದ ಮೇಸ್ತ್ರಿ, ಕೊನೆಯ ದಿನ ಸಾಮಾನು ಕಟ್ಟಿಕೊಂಡು ಆ ದಿಬ್ಬಗಳ ಮುಂದೆ ಒಂದು ಕ್ಷಣ ನಿಂತರು.

“ಸಾರ್, ಒಂದು ಉಪಕಾರ ಆಗ್ಬೇಕು. ಈ ಗೋಡೆ ನನ್ನ ಕೆಲಸ ಅಲ್ಲ ಅಂತ ಒಂದು ಕಾಗದದಲ್ಲಿ ಬರೆದುಕೊಡಿ.”

“ಛೆ, ಛೆ! ನಾನು ಯಾರ ಹತ್ರಾನಾದ್ರೂ ನಿಮ್ಮ ಹೆಸರು ಹೇಳ್ತೀನಾ? ಅಷ್ಟೂ ನಂಬಿಕೆ ಇಲ್ವಾ ಮೇಸ್ತ್ರಿ ನನ್ಮೇಲೆ?”

ಮೇಸ್ತ್ರಿ ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಬರೆದುಕೊಟ್ಟ ಕಾಗದವನ್ನು ಎರಡೆರಡು ಸಲ ಓದಿ, ಬೆಳಕಿಗೆ ಹಿಡಿದು ನೋಡಿ, ಹೆಂಡತಿಯ ಕಡೆ ಚಾಚಿದರು.

“ಸಾಕ್ಷಿಗೆ ನೀವೂ ಒಂದು ಸೈನ್ ಹಾಕ್ಬಿಡಿ ಅಮ್ಮಾ.”